ಪಾರ್ಕಿನ ಒಲೆ ನಿಮ್ಮದೂ ಹೌದು

ಮೆಲ್ಬರ್ನಿಗೆ ಬಂದು ಎರಡು ತಿಂಗಳಾಯಿತು, ಮಗಳ ಹುಟ್ಟುಹಬ್ಬಕ್ಕೆ ಹದಿನೈದು ಜನರನ್ನು ಕರೆಯಬೇಕು, ಫ್ಲ್ಯಾಟಿನಲ್ಲಿ ಕಾಲಿಡಲು ಜಾಗವಿಲ್ಲ ಎಂದು ಬರೆದಿದ್ದೀರಿ. ಪಾರ್ಕಿನಲ್ಲಿರುವ ಸ್ಟೀಲಿನ ಒಲೆಗಳನ್ನು ನಾವು ಮುಟ್ಟಬಹುದೇ, ದುಡ್ಡು ಯಾರಿಗೆ ಕಟ್ಟಬೇಕು, ಮಾಂಸ ಬೇಯಿಸಿದ ಕಡೆ ಸಸ್ಯಾಹಾರಿಗಳು ಹೇಗೆ ಅಡುಗೆ ಮಾಡುವುದು, ಜೋಳ ಸುಡಲು ಇದ್ದಿಲಿನ ಒಲೆ ಒಯ್ಯಬಹುದೇ ಎಂದೂ ಕೇಳಿದ್ದೀರಿ. ನಾನು ಈ ಊರಿಗೆ ಬಂದದ್ದು 2008ರಲ್ಲಿ. ಆಗ ನನಗೂ ಇದೇ ಅಳುಕಿತ್ತು.

ಮುಟ್ಟಿ ತಂಗಿ, ಧಾರಾಳವಾಗಿ ಮುಟ್ಟಿ. ದುಡ್ಡು ಕಟ್ಟಬೇಕಾಗಿಲ್ಲ. ಹಿಂದೆ ಹಲವು ಕಡೆ ನಾಣ್ಯ ಹಾಕಿದರೆ ಮಾತ್ರ ಒಲೆ ಕಾಯುತ್ತಿತ್ತು, ಈಗ ಬಹುತೇಕ ಎಲ್ಲವೂ ಉಚಿತ. ಉಚಿತವೆಂದರೆ ದಾನವೆಂದು ತಿಳಿಯಬೇಡಿ. ಮನೆಯ ಮಾಲೀಕರು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತಕ್ಕೆ, ತೆರಿಗೆ ಕಟ್ಟುತ್ತಾರೆ, ಅವರಿಗೆ ಆ ಹಣ ಬರುವುದು ನೀವು ಕೊಡುವ ಬಾಡಿಗೆಯಿಂದ. ಯಾರದೋ ಅಂಗಳಕ್ಕೆ ನುಗ್ಗಿದವರಂತೆ ಮೂಲೆಯಲ್ಲಿ ನಿಲ್ಲಬೇಡಿ. ಬ್ರಿಸ್ಬೇನಿನ ಸೌತ್ ಬ್ಯಾಂಕಿಗೆ ಹೋದರೆ ನೋಡಿ: 1988ರಲ್ಲಿ ಎಕ್ಸ್‌ಪೋ ಎಂಬ ವಿಶ್ವ ವಸ್ತುಪ್ರದರ್ಶನ ನಡೆದ ಆ ನದಿದಂಡೆಯ ಜಾಗವನ್ನು 1992ರಲ್ಲಿ ಜನರಿಗೆ ಪಾರ್ಕಾಗಿ ತೆರೆದರು. ನಗರದ ನಟ್ಟನಡುವೆ, ಅಷ್ಟು ಬೆಲೆಬಾಳುವ ನೆಲದಲ್ಲಿ, ಯಾರು ಬೇಕಾದರೂ ಬಂದು ಬೇಯಿಸಿಕೊಂಡು ಉಣ್ಣಬಹುದು. ಈ ದೇಶದಲ್ಲಿ ನಾನು ಮನಸಾರೆ ಮೆಚ್ಚಿದ ಸಂಗತಿಗಳಲ್ಲಿ ಇದೂ ಒಂದು.

ಒಲೆ ಎಂದರೆ ಇಟ್ಟಿಗೆಯ ಅಥವಾ ಸ್ಟೀಲಿನ ಕಟ್ಟೆ, ಮೇಲೊಂದು ದಪ್ಪ ಸ್ಟೀಲ್ ಹಂಚು, ಮುಂದೆ ಒಂದು ಗುಂಡಿ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಹಂಚು ನಿಧಾನವಾಗಿ ಕಾಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಆರುತ್ತದೆ. ಆಗ ಮತ್ತೆ ಒತ್ತಬೇಕು. ದೋಸೆಹಿಟ್ಟು ಮಾತ್ರ ತರಬೇಡಿ. ಜಿಡ್ಡು ಇಳಿಯಲೆಂದು ಹಂಚಿನ ನಡುವೆ ತೂತಿರುತ್ತದೆ, ಸುತ್ತಲಿನ ಮೈ ಅದರ ಕಡೆಗೆ ತುಸು ಇಳಿಜಾರು. ಹುಯ್ದ ಹಿಟ್ಟು ಕಾಯುವ ಮೊದಲೇ ಜಾರಿ ತೂತು ಸೇರುತ್ತದೆ. ಈ ಹಂಚಿಗೆ ಒಗ್ಗುವುದು ಅಕ್ಕಿರೊಟ್ಟಿ. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ ಹಾಕಿ ಹಿಟ್ಟನ್ನು ಮನೆಯಲ್ಲೇ ಕಲಸಿಕೊಳ್ಳಿ. ಬಾಳೆಎಲೆಯ ಮೇಲೆ ತಟ್ಟುವ ಹಾಗೆಯೇ ಬೇಕಿಂಗ್ ಪೇಪರಿನ ಮೇಲೆ ತಟ್ಟಿ, ಪೇಪರಿನ ಸಮೇತ ಹಂಚಿಗಿಡಿ. ಅಂಚು ಬಿಳುಪೇರಿ ಮೇಲೇಳುತ್ತಿದ್ದಂತೆ ಮಗುಚಿ ಪೇಪರನ್ನು ಸುಲಿಯಿರಿ. ಮನೆಯ ಬಾಣಲೆಯಲ್ಲಿ ಒಂದು ಬೇಯುವ ಹೊತ್ತಿಗೆ ಇಲ್ಲಿ ಸಾಲಾಗಿ ನಾಲ್ಕು ಬೇಯುತ್ತವೆ. ಬದನೆಕಾಯಿ ಬಿಲ್ಲೆ, ಪನೀರ್, ಜೋಳದ ತೆನೆ ಎಲ್ಲವೂ ಆಗುತ್ತವೆ. ತೆನೆ ಕೆಂಡದಲ್ಲಿ ಸುಟ್ಟಷ್ಟು ಕಪ್ಪಾಗುವುದಿಲ್ಲ, ಅಷ್ಟೇ.

ಇದ್ದಿಲಿನ ಒಲೆಯನ್ನು ಒಯ್ಯಬೇಡಿ. ಈ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಬಂದ ಮೊದಲ ಬೇಸಿಗೆ, 2009ರ ಫೆಬ್ರವರಿ 7ರಂದು, ಮೆಲ್ಬರ್ನಿನಲ್ಲಿ 46.4 ಡಿಗ್ರಿ ಬಿಸಿಲಿತ್ತು. ಕಿಟಕಿ ತೆರೆದರೆ ಕುಲುಮೆಯ ಬಾಯಿಂದ ಬಂದಂಥ ಗಾಳಿ. ಅಂದು ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಹೊತ್ತಿದ ಕಾಡ್ಗಿಚ್ಚುಗಳಿಗೆ 173 ಜನ ಬಲಿಯಾದರು. ಇಲ್ಲಿನವರು ಅದನ್ನು ಬ್ಲ್ಯಾಕ್ ಸ್ಯಾಟರ್ಡೇ ಎನ್ನುತ್ತಾರೆ. ಬೇಸಿಗೆಯಲ್ಲಿ ಕೆಲವು ದಿನಗಳನ್ನು 'ಟೋಟಲ್ ಫೈರ್ ಬ್ಯಾನ್' ಎಂದು ಘೋಷಿಸುತ್ತಾರೆ. ಆ ದಿನ ಬಯಲಲ್ಲಿ ಸೌದೆ, ಇದ್ದಿಲು ಹೊತ್ತಿಸುವುದು ಅಪರಾಧ, ಪಾರ್ಕಿನ ವಿದ್ಯುತ್ ಒಲೆಗೂ ಷರತ್ತುಗಳಿವೆ. ಹುಟ್ಟುಹಬ್ಬ ಅಂಥ ದಿನವೇ ಬಂದರೆ ಮುಂದಿನ ವಾರಕ್ಕೆ ಹಾಕಿ, ಮನೆಯಲ್ಲಿ ಮೊಸರನ್ನ ಉಂಡು ತಣ್ಣಗಿರಿ.

ಇನ್ನು ಮಾಂಸದ ಮಾತು. ಮೊದಲ ಸಲ ಹೋದಾಗ ಇದ್ದದ್ದು ಒಂದೇ ಒಲೆ. ವಿಯೆಟ್ನಾಂ ಮೂಲದ ಒಂದು ಕುಟುಂಬ ಅದರಲ್ಲಿ ಹಂದಿಮಾಂಸ ಬೇಯಿಸುತ್ತಿತ್ತು. ನಾನು ಬುಟ್ಟಿ ಹಿಡಿದು ದೂರದಲ್ಲಿ ನಿಂತಿದ್ದೆ. ಆ ಮನೆಯ ಅಜ್ಜಿ ಕೈಬೀಸಿ ಕರೆದರು. ನಾವು ಮಾಂಸ ತಿನ್ನುವುದಿಲ್ಲವೆಂದು ಅವರ ಸೊಸೆ ತಿಳಿಸಿದೊಡನೆ ತಮ್ಮದನ್ನೆಲ್ಲ ಒಂದು ಬದಿಗೆ ಸರಿಸಿ, ಅರ್ಧ ಹಂಚಿಗೆ ನೀರು ಚಿಮುಕಿಸಿದರು. ಚುಂಯ್ ಎಂದು ಆವಿ ಎದ್ದಿತು. ಹಲಗೆಯಂಥ ಉಕ್ಕಿನ ಸಟ್ಟುಗದಿಂದ ಜಿಡ್ಡನ್ನೆಲ್ಲ ಕೆರೆದು ತೂತಿಗೆ ತಳ್ಳಿ, ಕಾಗದದಿಂದ ಎರಡು ಸಲ ಒರೆಸಿ, ಇನ್ನು ನಿಮ್ಮದು ಎನ್ನುವಂತೆ ಪಕ್ಕಕ್ಕೆ ನಿಂತರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಅಂದು ಅವರ ಮೊಮ್ಮಕ್ಕಳು ನಮ್ಮ ರೊಟ್ಟಿ ತಿಂದರು. ಪೇಪರ್ ಹಾಸಿಯೂ ನಿಮ್ಮ ಮನಸ್ಸು ಒಪ್ಪದಿದ್ದರೆ ತಪ್ಪೇನಿಲ್ಲ, ಮನೆಯಿಂದ ಪುಳಿಯೋಗರೆ ತನ್ನಿ.

ನನ್ನ ಊರು ಕೊಳ್ಳೇಗಾಲದ ಕಡೆ. ಮಹದೇಶ್ವರನ ಬೆಟ್ಟಕ್ಕೆ ಪರಸೆ ಹೋದಾಗ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದೆವು. ಎಷ್ಟೋ ಸಲ ಕಲ್ಲು ಹುಡುಕುವ ಕೆಲಸವೇ ಇರುತ್ತಿರಲಿಲ್ಲ, ಹಿಂದಿನವರು ಬಿಟ್ಟ ಮಸಿಗಲ್ಲುಗಳು ಅಲ್ಲೇ ಕೂತಿರುತ್ತಿದ್ದವು. ನಮ್ಮವ್ವ ಹೊರಡುವಾಗ ಬೂದಿ ಬಳಿದು, ಕಲ್ಲುಗಳನ್ನು ನೆಟ್ಟಗೆ ಕೂರಿಸಿಯೇ ಏಳುತ್ತಿದ್ದರು. ಆದ್ದರಿಂದ ಈ ಊರಿನ ಒಲೆಗಳಲ್ಲಿ ಯಾರಾದರೂ ಜಿಡ್ಡು ಹಾಗೆಯೇ ಬಿಟ್ಟುಹೋದದ್ದು ಕಂಡರೆ ನನಗೆ ತಡೆಯಲಾರದಷ್ಟು ಸಿಟ್ಟು ಬರುತ್ತದೆ. ಹಾಗೆ ಬಿಟ್ಟವರಲ್ಲಿ ನಮ್ಮವರನ್ನೂ ಕಂಡಿದ್ದೇನೆ, ಕರೆದು ಹೇಳಿದ್ದೇನೆ.

ಒಲೆಯನ್ನು ಕಾದಿರಿಸಲಾಗುವುದಿಲ್ಲ, ಮೊದಲು ಬಂದವರಿಗೆ ಮೊದಲು. ಮೇಲ್ಚಾವಣಿ ಇರುವ ಜಾಗವನ್ನು ಕೆಲವು ಪಾರ್ಕುಗಳಲ್ಲಿ ಕಾದಿರಿಸಬಹುದು, ಕೌನ್ಸಿಲ್‌ಗೆ ಅಥವಾ ಆ ಪಾರ್ಕು ನೋಡಿಕೊಳ್ಳುವವರಿಗೆ ಫೋನ್ ಮಾಡಿ ಕೇಳಿ. ನೀವಿರುವ ಕಡೆಗೆ ಜೆಲ್ಸ್ ಪಾರ್ಕ್ ಹತ್ತಿರ. ಕೆರೆ ಇದೆ, ಮಕ್ಕಳಿಗೆ ಓಡಾಡಲು ಬೇಕಾದಷ್ಟು ಹುಲ್ಲಿದೆ. ಶನಿವಾರ ಹತ್ತು ಗಂಟೆಯೊಳಗೆ ತಲುಪಿದರೆ ಒಲೆ ಸಿಗುತ್ತದೆ. ಎರಡು ಬಾಟಲಿ ನೀರು, ಒರೆಸುವ ಕಾಗದದ ಒಂದು ಸುರುಳಿ, ಕಸಕ್ಕೊಂದು ಚೀಲ ತನ್ನಿ. ಹಂಚು ಕೆರೆಯುವ ಸಟ್ಟುಗ ನನ್ನಲ್ಲಿದೆ, ರೊಟ್ಟಿ ಹಿಟ್ಟನ್ನೂ ನಾನೇ ಕಲಸಿ ತರುತ್ತೇನೆ. ಮಗುವಿಗೆ ಖಾರ ಆಗುತ್ತದೆಯೇ ಇಲ್ಲವೇ, ಅದೊಂದನ್ನು ತಿಳಿಸಿ.