ರಾಜೀನಾಮೆ ಕೊಡಿ ಎಂದು ಕಂಪನಿ ಒತ್ತಾಯ ಮಾಡುತ್ತಿದೆ, ಕೊಡಲೇಬೇಕಾ?

ಆರು ವರ್ಷ ದುಡಿದ ಕಂಪನಿ ನಿಮ್ಮನ್ನು ಕರೆದು, "ಶುಕ್ರವಾರದೊಳಗೆ ರಾಜೀನಾಮೆ ಕೊಡಿ, ಇಲ್ಲಾಂದ್ರೆ ಟರ್ಮಿನೇಟ್ ಮಾಡ್ತೀವಿ, ಆಮೇಲೆ ಎಲ್ಲೂ ಕೆಲಸ ಸಿಗಲ್ಲ" ಎಂದಿದೆ. ಕೊಡಲೇಬೇಕಾ ಎಂದು ಕೇಳಿದ್ದೀರಿ. ಬೇಕಿಲ್ಲ. ದಯವಿಟ್ಟು ಇವತ್ತು ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ನಾನು ಹಾಕಿದ್ದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಮೀಟಿಂಗ್ ರೂಮಿಗೆ ಕರೆದರು. ಪತ್ರ ಆಗಲೇ ಟೈಪ್ ಆಗಿತ್ತು. ನನ್ನ ಹೆಸರು, ಎಂಪ್ಲಾಯಿ ನಂಬರ್, ತಾರೀಖು ಎಲ್ಲ ಇತ್ತು. ಖಾಲಿ ಇದ್ದದ್ದು ಸಹಿಯ ಜಾಗ ಮಾತ್ರ. ಪೆನ್ನಿನ ಕ್ಯಾಪ್ ಕೂಡ ಅವರೇ ತೆಗೆದಿಟ್ಟಿದ್ದರು. ಮನೆಗೆ ಒಂದು ಫೋನ್ ಮಾಡ್ತೀನಿ ಅಂದೆ. ಮೊದಲು ಇದು ಮುಗಿಸಿ ಅಂದರು. ಆಮೇಲೆ ಲೇಬರ್ ಆಫೀಸಿಗೆ ಹೋದಾಗ ಅಲ್ಲಿನ ಅಧಿಕಾರಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಪತ್ರವನ್ನು ನನ್ನ ಕಡೆ ತಿರುಗಿಸಿ "ಸ್ವಇಚ್ಛೆಯಿಂದ" ಎಂಬ ಪದದ ಕೆಳಗೆ ಬೆರಳಿಟ್ಟರು. "ಸಹಿ ನಿಮ್ಮದೇ ಅಲ್ವಾ?" ಎಂದಷ್ಟೇ ಕೇಳಿದರು.

ಕಂಪನಿ ಇಷ್ಟೊಂದು ಅವಸರ ಮಾಡುವುದೇಕೆ ಗೊತ್ತಾ? ನೀವೇ ಬಿಟ್ಟು ಹೋದರೆ ಕೊಡಬೇಕಾದ್ದು ಒಂದು, ಅವರೇ ತೆಗೆದರೆ ಕೊಡಬೇಕಾದ್ದು ಇನ್ನೊಂದು. ಕನಿಷ್ಠ ಒಂದು ವರ್ಷ ಸರ್ವಿಸ್ ಇರುವ ಕೆಲಸಗಾರರನ್ನು ಹುದ್ದೆ ಬೇಡವಾಯಿತು ಎಂದು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಅದರ ಜೊತೆಗೆ ಪೂರ್ತಿಯಾದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಬರಬೇಕು. ನಿಮ್ಮ ಲೆಕ್ಕದಲ್ಲಿ ಆರು ವರ್ಷಕ್ಕೆ 90 ದಿನದ ಸಂಬಳ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಈ ನಿಯಮ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ರಾಜೀನಾಮೆ ಬರೆದುಕೊಟ್ಟ ಕ್ಷಣ ಈ ಪರಿಹಾರ ಕೈಬಿಟ್ಟು ಹೋಗುತ್ತದೆ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಇಡಿಗಂಟು, ಇದರಿಂದ ಬೇರೆ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ. ಐದು ವರ್ಷ ತುಂಬಿರುವುದರಿಂದ ರಾಜೀನಾಮೆ ಕೊಟ್ಟರೂ ಕೊಡದಿದ್ದರೂ ಅದು ನಿಮ್ಮದು. ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 26,000 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 15,000. ಆರು ವರ್ಷಕ್ಕೆ 90,000. "ಸಹಿ ಹಾಕಿದರೆ ಗ್ರಾಚ್ಯುಟಿ ಕೊಡ್ತೀವಿ" ಎಂದರೆ, ನಿಮ್ಮದೇ ದುಡ್ಡನ್ನು ತೋರಿಸಿ ನಿಮ್ಮ ಹತ್ತಿರವೇ ಚೌಕಾಸಿ ಮಾಡುತ್ತಿದ್ದಾರೆ ಎಂದರ್ಥ. ಪಿಎಫ್ ಕೂಡ ಅಷ್ಟೇ, ಅದು ನಿಮ್ಮ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಖಾತೆಯಲ್ಲಿರುತ್ತದೆ, ಕಂಪನಿ ತಡೆಹಿಡಿಯುವ ಹಾಗಿಲ್ಲ.

ಟರ್ಮಿನೇಟ್ ಮಾಡಿದರೆ ರೆಕಾರ್ಡ್ ಹಾಳಾಗುತ್ತದೆ ಎಂಬ ಬೆದರಿಕೆಗೆ ಬಹಳ ಜನ ಹೆದರುತ್ತಾರೆ, ನಾನೂ ಹೆದರಿದ್ದೆ. ಸ್ವಲ್ಪ ಯೋಚಿಸಿ. ನೀವು ತಪ್ಪು ಮಾಡಿದ್ದೀರಿ ಎಂದು ತೆಗೆಯಬೇಕಾದರೆ ಆ ತಪ್ಪು ಏನೆಂದು ಬರೆದು ಚಾರ್ಜ್‌ಶೀಟ್ ಕೊಡಬೇಕು, ನಿಮ್ಮ ಉತ್ತರ ಕೇಳಬೇಕು, ವಿಚಾರಣೆ ನಡೆಸಬೇಕು. ತಪ್ಪೇ ಇಲ್ಲದಿದ್ದರೆ ಚಾರ್ಜ್‌ಶೀಟಿನಲ್ಲಿ ಬರೆಯುವುದೇನನ್ನು? ಹುದ್ದೆ ತೆಗೆದುಹಾಕಿದ್ದಕ್ಕೆ ಕೆಲಸ ಹೋಯಿತು ಎಂದು ಮುಂದಿನ ಕಂಪನಿಗೆ ಹೇಳಲು ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿಮ್ಮ ಹುದ್ದೆಯ ಹೆಸರಿನಲ್ಲಿ ಮ್ಯಾನೇಜರ್ ಎಂದಿದೆ ಎಂದಿರಿ. ಅಷ್ಟಕ್ಕೇ ಕೈಚೆಲ್ಲಬೇಡಿ. ಕೋರ್ಟು ನೋಡುವುದು ನೀವು ದಿನಾ ಏನು ಕೆಲಸ ಮಾಡುತ್ತಿದ್ದಿರಿ ಎಂಬುದನ್ನು. ಕೈಕೆಳಗೆ ಯಾರೂ ಇಲ್ಲದೆ, ರಜೆ ಮಂಜೂರು ಮಾಡುವ ಅಧಿಕಾರವೂ ಇಲ್ಲದೆ, ಇಡೀ ದಿನ ಸ್ಕ್ರೀನ್ ಮುಂದೆ ಕೂತು ವರದಿ ತಯಾರಿಸುತ್ತಿದ್ದರೆ ಬರೀ ಹೆಸರಿನಿಂದ ಮ್ಯಾನೇಜರ್ ಆಗುವುದಿಲ್ಲ. ನಿಜವಾಗಿಯೂ ಮ್ಯಾನೇಜರ್ ಕೆಲಸವೇ ಆಗಿದ್ದರೆ 15 ದಿನದ ಪರಿಹಾರದ ನಿಯಮ ಅನ್ವಯಿಸುವುದಿಲ್ಲ. ಆಗ ನೇಮಕಾತಿ ಪತ್ರದಲ್ಲಿ ಬರೆದಿರುವ ನೋಟಿಸ್ ಷರತ್ತೇ ನಿಮ್ಮ ಆಧಾರ. ಅದನ್ನು ಇವತ್ತೇ ತೆಗೆದು ಓದಿ.

ನೇಮಕಾತಿ ಪತ್ರ, ಪೇಸ್ಲಿಪ್, ಅಪ್ರೈಸಲ್ ಪತ್ರ, ಇವುಗಳ ಪ್ರತಿಯನ್ನು ಇವತ್ತೇ ಮನೆಯಲ್ಲಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕಿತ್ತುಕೊಂಡ ಮೇಲೆ ಏನೂ ಸಿಗುವುದಿಲ್ಲ. ಆದರೆ ನಿಮ್ಮ ಸ್ವಂತ ಕಾಗದಗಳನ್ನು ಮಾತ್ರ ತೆಗೆದುಕೊಳ್ಳಿ. ಕ್ಲೈಂಟ್ ಫೈಲು, ಕಂಪನಿಯ ಡೇಟಾ ಮುಟ್ಟಬೇಡಿ, ಅದನ್ನೇ ತಪ್ಪು ಎಂದು ತೋರಿಸುತ್ತಾರೆ.

ರಾತ್ರಿಯೊಳಗೆ ಎಚ್‌ಆರ್‌ಗೆ ಒಂದು ಮೇಲ್ ಕಳಿಸಿ, ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಹೋಗಲಿ. ಜಗಳದ ಮಾತು ಬೇಡ, ಇಷ್ಟು ಸಾಕು: "ಇಂದು ಇಷ್ಟು ಗಂಟೆಗೆ ನಡೆದ ಮೀಟಿಂಗ್‌ನಲ್ಲಿ ರಾಜೀನಾಮೆ ಕೊಡುವಂತೆ ನನಗೆ ಹೇಳಲಾಯಿತು. ನನಗೆ ಕೆಲಸ ಬಿಡುವ ಇಚ್ಛೆ ಇಲ್ಲ. ಕೆಲಸ ಮುಂದುವರಿಸಲು ಸಿದ್ಧನಿದ್ದೇನೆ. ನನ್ನನ್ನು ತೆಗೆಯುವ ತೀರ್ಮಾನ ಆಗಿದ್ದರೆ ಕಾರಣದ ಜೊತೆ ಲಿಖಿತವಾಗಿ ತಿಳಿಸಿ." ಆಗ ನಾನು ಕಳಿಸಬೇಕಿದ್ದ ಮೇಲ್ ಇದೇ.

ಇದನ್ನು ಓದುವಷ್ಟರಲ್ಲಿ ಸಹಿ ಹಾಕಿಬಿಟ್ಟಿದ್ದರೆ, ರಾಜೀನಾಮೆ ವಾಪಸ್ ಪಡೆಯುತ್ತಿದ್ದೇನೆ, ಒತ್ತಾಯಕ್ಕೆ ಬರೆದುಕೊಟ್ಟದ್ದು ಎಂದು ಕೂಡಲೇ ಮೇಲ್ ಮಾಡಿ. ಅವರು ಅಂಗೀಕಾರ ಪತ್ರ ಕೊಡುವ ಮೊದಲು ಮಾಡಿದರೆ ಬಲ ಜಾಸ್ತಿ. ನಾನು ಮೂರು ವಾರ ಸುಮ್ನೆ ಕೂತಿದ್ದೆ, ಒತ್ತಾಯ ಇದ್ದಿದ್ದರೆ ಮೂರು ವಾರ ಯಾಕೆ ಮಾತಾಡಲಿಲ್ಲ ಎಂದು ಕಂಪನಿಯವರು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಕೆಲಸದಿಂದ ತೆಗೆದೇಬಿಟ್ಟರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಮೊದಲು ಸಂಧಾನಕ್ಕೆ ಎರಡೂ ಕಡೆಯವರನ್ನು ಕರೆಯುತ್ತಾರೆ. ಎಷ್ಟೋ ವಿಷಯ ಆ ಮೇಜಿನ ಮುಂದೆಯೇ ಬಗೆಹರಿಯುತ್ತದೆ. ಕೊನೆಯ ಸಂಬಳ ಎರಡು ಕೆಲಸದ ದಿನಗಳೊಳಗೆ, ಗ್ರಾಚ್ಯುಟಿ 30 ದಿನದೊಳಗೆ ಬರಬೇಕು, ಆ ತಾರೀಖುಗಳನ್ನೂ ಗುರುತು ಹಾಕಿಕೊಳ್ಳಿ.

ಶುಕ್ರವಾರದ ಮೀಟಿಂಗಿಗೆ ಮೊದಲೇ ಆ ಮೇಲ್ ಹೋಗಿರಲಿ. ಅವರು ಏನು ಉತ್ತರ ಕೊಟ್ಟರು ಎಂದು ಇಲ್ಲೇ ಬರೆಯಿರಿ, ನೋಡಿಕೊಂಡು ಮುಂದಿನದು ಹೇಳುತ್ತೇನೆ.