ಬಾಡಿಗೆ ಬಾಕಿ ಇದ್ದರೆ ಮಾಲೀಕರು ಅಂಗಡಿಗೆ ಬೀಗ ಹಾಕಬಹುದಾ?

ಹಾಕುವ ಹಾಗಿಲ್ಲ. ಮೂರು ತಿಂಗಳ ಬಾಡಿಗೆ ಬಾಕಿ, ಭಾನುವಾರ ಬಂದು ಬೀಗ ಜಡಿಯುತ್ತೇನೆ ಅಂತ ಮಾಲೀಕರು ಹೇಳಿದ್ದಾರೆ ಅಂತ ಬರೆದಿದ್ದೀರಿ. ನನಗೂ ಹೀಗೇ ಆಗಿತ್ತು. ಮೈಸೂರಿನ ಶಿವರಾಂಪೇಟೆಯಲ್ಲಿ ನನ್ನ ಟೈಲರ್ ಅಂಗಡಿ ಇದೆ. 2020ರ ಲಾಕ್‌ಡೌನ್ ಆದ ಮೇಲೆ ಐದು ತಿಂಗಳ ಬಾಡಿಗೆ ಉಳಿದುಬಿಟ್ಟಿತು. ಒಂದು ದಿನ ಬೆಳಿಗ್ಗೆ ಹೋದರೆ ಶಟರ್‌ಗೆ ನನ್ನ ಬೀಗದ ಪಕ್ಕ ಇನ್ನೊಂದು ಹೊಸ ಬೀಗ. ಒಳಗೆ ಮಾರನೇ ದಿನದ ಮದುವೆಗೆ ಕೊಡಬೇಕಿದ್ದ ಎಂಟು ಬ್ಲೌಸು, ಹುಕ್ಸ್ ಹೊಲಿಯುವುದಷ್ಟೇ ಬಾಕಿ. ಕೈಕಾಲೇ ಆಡಲಿಲ್ಲ. ಪಕ್ಕದ ಅಂಗಡಿಯವರು ವಕೀಲರೊಬ್ಬರ ಹತ್ತಿರ ಕರೆದುಕೊಂಡು ಹೋದರು, ಅವರು ಮಾಲೀಕರಿಗೆ ಫೋನ್ ಮಾಡಿ ಮಾತಾಡಿದ ಮೇಲೆ ಸಂಜೆ ಬೀಗ ತೆಗೆದರು.

ಬಾಕಿ ಎಷ್ಟೇ ಇರಲಿ, ನೀವು ಒಪ್ಪದಿದ್ದರೆ ಖಾಲಿ ಮಾಡಿಸುವುದಕ್ಕೆ ಕೋರ್ಟಿಗೇ ಹೋಗಬೇಕು. ಬಲವಂತವಾಗಿ ಹೊರಗೆ ಹಾಕಿದರೆ 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟಿನ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಅಂಗಡಿ ವಾಪಸ್ ಕೇಳಬಹುದು.

ಇವತ್ತೇ ಟೇಪ್ ಹಿಡಿದು ಅಂಗಡಿ ಅಳೆಯಿರಿ, ಗೋಡೆಯ ದಪ್ಪವೂ ಸೇರಿ. 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಒಳಗಿದ್ದರೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ನಿಮಗೆ ಆಸರೆ ಆಗಬಹುದು. ಆದರೆ ಬಾಡಿಗೆ ಎಷ್ಟು, ಕಟ್ಟಡ ಎಷ್ಟು ಹಳೆಯದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಅದಕ್ಕೇ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ. ಈ ಕಾಯ್ದೆ ಅನ್ವಯಿಸಿದರೆ, ಬಾಕಿ ಕೇಳಿ ನೋಟಿಸ್ ಬಂದ ದಿನದಿಂದ ಎರಡು ತಿಂಗಳೊಳಗೆ ಪೂರ್ತಿ ಕಟ್ಟಿದರೆ ಆ ಬಾಕಿಯ ಕಾರಣಕ್ಕೆ ಬಿಡಿಸಲು ಆಗಲ್ಲ. ಅಂಗಡಿ ಅದಕ್ಕಿಂತ ದೊಡ್ಡದಾದರೆ ಇಷ್ಟು ರಕ್ಷಣೆ ಇಲ್ಲ. ಆಗ 1882ರ ಆಸ್ತಿ ವರ್ಗಾವಣೆ ಕಾಯ್ದೆ ಬರುತ್ತದೆ. ತಿಂಗಳ ಬಾಡಿಗೆಯ ಅಂಗಡಿಗೆ 15 ದಿನದ ನೋಟಿಸ್ ಸಾಕು, ಕಾರಣವನ್ನೂ ಹೇಳಬೇಕಿಲ್ಲ. ಬಾಡಿಗೆ ಕಟ್ಟದಿದ್ದರೆ ಕರಾರು ರದ್ದು ಅನ್ನುವ ಷರತ್ತಿನ ಮೇಲೆ ಕೇಸ್ ಹಾಕಿದ್ದರೆ ಮಾತ್ರ 114ನೇ ಸೆಕ್ಷನ್ ಇದೆ. ವಿಚಾರಣೆಯಲ್ಲಿ ಬಾಕಿ, ಬಡ್ಡಿ, ಕೋರ್ಟ್ ಖರ್ಚು ಎಲ್ಲಾ ಕಟ್ಟಿದರೆ ನ್ಯಾಯಾಧೀಶರು ಅಂಗಡಿ ಉಳಿಸಿಕೊಡಬಹುದು, ಆದರೆ ಅದು ಅವರಿಗೆ ಬಿಟ್ಟಿದ್ದು. ಅದಕ್ಕೇ ನೋಟಿಸ್ ಬಂದರೆ ಸುಮ್ನೆ ಮಡಚಿ ಇಡಬೇಡಿ, ಅದೇ ವಾರ ವಕೀಲರಿಗೆ ತೋರಿಸಿ.

ಬೀಗ ಹಾಕುವುದು ತಪ್ಪು ಅಂತ ಬಾಕಿ ಎಲ್ಲೂ ಹೋಗಲ್ಲ. ಆ ಬಾಡಿಗೆಯಲ್ಲೇ ಮಾಲೀಕರ ಮನೆಯೂ ನಡೆಯುತ್ತಿರಬಹುದು, ಅಲ್ವಾ? ನಾನು ಮಾಡಿದ ದೊಡ್ಡ ತಪ್ಪು ಅವರ ಫೋನ್ ಎತ್ತದೇ ಇದ್ದದ್ದು. ನೀವು ಹಾಗೆ ಮಾಡಬೇಡಿ. ಒಂದೇ ತಿಂಗಳದ್ದಾದರೂ ಈಗಲೇ ಅವರ ಬ್ಯಾಂಕ್ ಖಾತೆಗೆ ಹಾಕಿ, ಯಾವ ತಿಂಗಳ ಬಾಡಿಗೆ ಅಂತ ಬರೆದು. ಉಳಿದದ್ದನ್ನು ಯಾವ ಯಾವ ತಾರೀಖಿಗೆ ಕಟ್ಟುತ್ತೀರಿ ಅಂತ ವಾಟ್ಸಾಪ್‌ನಲ್ಲಿ ಕಳಿಸಿ. ನಿಮ್ಮ ಕೈಲಿ ಆಗುವ ತಾರೀಖನ್ನೇ ಹೇಳಿ. ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅನ್ನುವುದಾದರೆ ಅವರ ಒಪ್ಪಿಗೆ ಬರಹದಲ್ಲಿ ಇರಲಿ, ಬಾಯಿಮಾತು ನಂಬಬೇಡಿ.

ಭಾನುವಾರಕ್ಕೆ ಮುಂಚೆ ಅಂಗಡಿ ಒಳಗಿನ ಸಾಮಾನಿನ ವಿಡಿಯೋ ಮಾಡಿಕೊಳ್ಳಿ. ಕರಾರು ಪತ್ರ, ಬಾಡಿಗೆ ರಸೀದಿ, ಗಿರಾಕಿಗಳ ವಸ್ತು ಇದ್ದರೆ ಅದನ್ನೂ ಮನೆಗೆ ತಂದಿಟ್ಟುಕೊಳ್ಳಿ. ಅಷ್ಟಾದ ಮೇಲೂ ಬೀಗ ಬಿದ್ದರೆ ಒಡೆಯಲು ಹೋಗಬೇಡಿ. ಫೋಟೋ ತೆಗೆದು 112ಕ್ಕೆ ಫೋನ್ ಮಾಡಿ, ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಸಿದುಕೊಂಡೇ ಬನ್ನಿ.