ಐಸ್ ಇಲ್ಲದ ಊರಲ್ಲಿ ಆಲ್ಟರ್ನೇಟ್ ಏರ್ ಯಾಕೆ?

ಪ್ರಶ್ನೆ: ಸರ್, ಮೂವರು ಗೆಳೆಯರು ಸೇರಿ ಕಿಟ್ ತರಿಸಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇವೆ. ಲೈಕಮಿಂಗ್ ಐಒ-360, ಫ್ಯುಯೆಲ್ ಇಂಜೆಕ್ಷನ್ ಎಂಜಿನ್. ಆಲ್ಟರ್ನೇಟ್ ಏರ್ ಬೇಕಿದ್ದರೆ ಹಾಕಿಕೊಳ್ಳಿ ಅಂತ ಕಿಟ್‌ನಲ್ಲಿದೆ. "ಇಂಜೆಕ್ಷನ್‌ಗೆ ಐಸ್ ಕಟ್ಟಲ್ಲ, ಬಳ್ಳಾರಿಯಲ್ಲಿ ಐಸ್ ಎಲ್ಲಿಂದ ಬರಬೇಕು" ಅಂತಾನೆ ಒಬ್ಬ ಗೆಳೆಯ. ಏರ್‌ಬಾಕ್ಸ್‌ಗೆ (ಫಿಲ್ಟರ್‌ನಿಂದ ಎಂಜಿನ್‌ಗೆ ಗಾಳಿ ಹೋಗುವ ಡಬ್ಬಿ) ಎರಡು ತೂತು ಹೊಡೆದರೆ ಸಾಕು ಅಂತಾರೆ ಗ್ಯಾರೇಜ್ ಮೇಸ್ತ್ರಿ. ಏನು ಮಾಡೋಣ? (ಬಳ್ಳಾರಿ)

ಉತ್ತರ: ಹಾಕಿಸಿ. ಆಲ್ಟರ್ನೇಟ್ ಏರ್ ಅಂದರೆ ಏರ್ ಫಿಲ್ಟರ್ ಮುಚ್ಚಿಕೊಂಡಾಗ ಎಂಜಿನ್‌ಗೆ ಬೇರೆ ದಾರಿಯಿಂದ ಗಾಳಿ ಕೊಡುವ ಬಾಗಿಲು. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಐಸ್‌ನಿಂದಲೇ ಶುರುವಾಗುತ್ತದೆ.

ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಇಂಜೆಕ್ಷನ್ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಇಲ್ಲ, ಅದರೊಳಗೆ ಕಟ್ಟುವ ಐಸೂ ಇಲ್ಲ. ಫಿಲ್ಟರ್ ಮುಖಕ್ಕೆ ಐಸ್ ಕಟ್ಟಬೇಕಾದರೆ ಶೂನ್ಯಕ್ಕಿಂತ ತಣ್ಣಗಿರುವ ಮೋಡದೊಳಗೆ ಹೋಗಬೇಕು. ನೀವು ಅಲ್ಲಿಗೆ ಹೋಗುವುದಿಲ್ಲ. ಆದರೆ ಫಿಲ್ಟರ್ ಮುಚ್ಚಿಕೊಳ್ಳಲು ಐಸೇ ಬೇಕಾ? ಸಂಡೂರು ಕಡೆಯ ಅದಿರು ಧೂಳು ಕೂತ ಫಿಲ್ಟರ್ ಮೇಲೆ ಒಂದು ಜೋರು ಮಳೆ ಬಿದ್ದರೆ ಅದು ಕೆಸರಾಗುತ್ತದೆ. ಪೇಪರ್ ಫಿಲ್ಟರ್ ನೆನೆದರೆ ಗಾಳಿ ಬಿಡುವುದು ಕಡಿಮೆಯಾಗುತ್ತದೆ. ವಾರಗಟ್ಟಲೆ ನಿಂತ ವಿಮಾನದ ಇನ್‌ಟೇಕ್‌ನಲ್ಲಿ ಗುಬ್ಬಿ ಹುಲ್ಲು ತುರುಕುತ್ತದೆ. ರನ್‌ವೇ ಮೇಲೆ ಹಾರಾಡುವ ಪ್ಲಾಸ್ಟಿಕ್ ಚೀಲವೂ ಸಾಕು. ಇವೆಲ್ಲ ನಮ್ಮೂರಲ್ಲೇ ಇವೆ, ಅಲ್ವಾ?

ಇನ್ನು ಆ ಎರಡು ತೂತು. ಮೇಸ್ತ್ರಿ ಟ್ರ್ಯಾಕ್ಟರ್ ಕೆಲಸದಲ್ಲಿ ಪಳಗಿದವರೇ ಇರಬಹುದು, ಈ ಸಲಹೆ ಮಾತ್ರ ಅಪಾಯ. ನಿಮ್ಮ ಎಂಜಿನ್ 5.9 ಲೀಟರ್‌ನದು. 2,700 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 100 ಲೀಟರ್‌ಗೂ ಜಾಸ್ತಿ ಗಾಳಿ ಎಳೆಯುತ್ತದೆ. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಬಾಯಿ 65 ಮಿ.ಮೀ. ವ್ಯಾಸ ಅಂದುಕೊಳ್ಳಿ. 10 ಮಿ.ಮೀ.ನ ಎರಡು ತೂತು ಸೇರಿದರೂ ಅದರ 20ರಲ್ಲಿ 1 ಪಾಲು ಆಗುವುದಿಲ್ಲ. ಫಿಲ್ಟರ್ ಮುಚ್ಚಿದ ದಿನ ಆ ತೂತುಗಳಿಂದ ಎಂಜಿನ್ ಉಳಿಯುವುದಿಲ್ಲ. ಉಳಿದ ದಿನವೆಲ್ಲ ಅವುಗಳಿಂದ ಸೋಸದ ಧೂಳು ಒಳಗೆ ಹೋಗಿ ರಿಂಗು, ಸಿಲಿಂಡರ್ ಸವೆಯುತ್ತವೆ. ಏರ್‌ಬಾಕ್ಸ್‌ನಲ್ಲಿ ಸದಾ ತೆರೆದಿರಬೇಕಾದ ತೂತು ಒಂದೇ, ತಳದಲ್ಲಿ, ಸುಮಾರು 6 ಮಿ.ಮೀ.ನದು. ಮಳೆ ನೀರು, ಸೋರಿದ ಪೆಟ್ರೋಲ್ ಅಲ್ಲಿಂದ ಇಳಿದುಹೋಗಬೇಕು.

ಬಾಗಿಲು ಹೇಗಿರಬೇಕು? ತೆರೆದಾಗ ಸಿಗುವ ಜಾಗ ಥ್ರಾಟಲ್ ಬಾಡಿಯ ಬಾಯಿಗಿಂತ ಕಡಿಮೆ ಇರಬಾರದು. 65 ಮಿ.ಮೀ. ಬಾಯಿಗೆ 58 ಮಿ.ಮೀ. ಚೌಕ ಸಾಕು. ಅದು ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ಒಳಗಿನ ಗಾಳಿ ತೆಗೆದುಕೊಳ್ಳಲಿ, ಆದರೆ ಎಗ್ಸಾಸ್ಟ್ ಪೈಪಿನ ಎದುರು ಬೇಡ.

ಫಿಲ್ಟರ್ ಮುಚ್ಚಿದಾಗ ಸ್ಪ್ರಿಂಗ್ ಬಾಗಿಲು ಎಂಜಿನ್ ಎಳೆತಕ್ಕೆ ತಾನಾಗಿ ತೆರೆಯುತ್ತದೆ. ಇಂಜೆಕ್ಷನ್ ಇರುವ ಸೆಸ್ನಾ 172ರಲ್ಲಿ ಅಂಥದ್ದೇ ಇದೆ. ನಮ್ಮ ಕಡೆಯ ಧೂಳಿಗೆ ನಾನು ಅದನ್ನು ಹೇಳುವುದಿಲ್ಲ. ಸ್ಪ್ರಿಂಗ್ ಸಡಿಲವಾದರೆ ಬಾಗಿಲು ಸ್ವಲ್ಪವೇ ತೆರೆದುಕೊಂಡು ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಈಗಾಗಲೇ ಹಾಕಿಸಿದವರು ಫಿಲ್ಟರ್ ದಾಟಿ ಎಂಜಿನ್‌ಗೆ ಹೋಗುವ ಗಾಳಿ ಕೊಳವೆ ಒಳಗೆ ಬಿಳಿ ಬಟ್ಟೆ ಆಡಿಸಿ ನೋಡಿ. ಬಟ್ಟೆ ಕೆಂಪಾದರೆ ಎಂಜಿನ್ ಧೂಳು ತಿನ್ನುತ್ತಿದೆ.

ಇನ್ನೊಂದು ಭಯವೂ ಇದೆ. ಒಳಮುಖವಾಗಿ ತೆರೆಯುವ ಬಾಗಿಲಿನ ಕೀಲು ಮುರಿದರೆ ಅದು ನೇರ ಎಂಜಿನ್ ಬಾಯಿಗೆ ಹೋಗುತ್ತದೆ. ಜೀವ ಉಳಿಸಲು ಹಾಕಿದ್ದೇ ಗಾಳಿ ಮುಚ್ಚುತ್ತದೆ. ಹೊರಮುಖದ ಬಾಗಿಲನ್ನು ಫಿಲ್ಟರ್ ಮುಚ್ಚಿದಾಗ ಒಳಗಿನ ಎಳೆತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ತೆರೆಯುವುದು ಕಷ್ಟ. ಹಾಗಾಗಿ ಏರ್‌ಬಾಕ್ಸ್‌ನ ಹೊರಮೈ ಮೇಲೆ ಜಾರುವ ತಗಡಿನ ಪ್ಲೇಟ್ ಮಾಡಿ, ಕೇಬಲ್‌ನಿಂದ ಎಳೆಯುವಂತೆ. ಪ್ಲೇಟ್ ತೂತಿಗಿಂತ ದೊಡ್ಡದಿರುವುದರಿಂದ ಒಳಗೆ ಹೋಗುವ ಮಾತೇ ಇಲ್ಲ. ನಟ್ಟು, ರಿವೆಟ್ಟು ಯಾವುದೂ ಸಡಿಲವಾಗಿ ಗಾಳಿ ದಾರಿಗೆ ಬೀಳದಂತೆ ನೋಡಿಕೊಳ್ಳಿ.

ಮಾಡಿದ ಮೇಲೆ ಪರೀಕ್ಷೆ ಬಿಡಬೇಡಿ. ಎಂಜಿನ್ ನಿಂತಿರುವಾಗಲೇ ಫಿಲ್ಟರ್ ಬಾಯಿಗೆ ತಗಡು ಹೊಂದಿಸಿ ಬೋಲ್ಟ್ ಹಾಕಿ. ವಿಮಾನವನ್ನು ಭದ್ರವಾಗಿ ಕಟ್ಟಿ, ಕಸ ಧೂಳು ಇಲ್ಲದ ಕಾಂಕ್ರೀಟ್ ಮೇಲೆ, ಬಾಗಿಲು ತೆರೆದಿಟ್ಟು ಪೂರ್ತಿ ಥ್ರಾಟಲ್ ಕೊಡಿ. ಫಿಕ್ಸೆಡ್ ಪಿಚ್ (ಅಲಗಿನ ಕೋನ ಬದಲಾಗದ) ಪ್ರೊಪೆಲ್ಲರ್ ಇದ್ದರೆ ಲೆಕ್ಕ ಸುಲಭ. ಮಾಮೂಲಿ 2,300 ಆರ್‌ಪಿಎಂ ಬರುವಲ್ಲಿ 2,200 ಬಂದರೆ ಸುಮಾರು 12 ಪರ್ಸೆಂಟ್ ಪವರ್ ಹೋಯಿತು ಅಂತ. 2,000ಕ್ಕೆ ಇಳಿದರೆ ಮೂರನೇ ಒಂದು ಪಾಲು ಹೋಯಿತು, ಬಾಗಿಲು ಚಿಕ್ಕದಾಯಿತು.

ಈ ನಷ್ಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಳ್ಳಾರಿ ಇರುವುದೇ ಸುಮಾರು 490 ಮೀಟರ್ ಎತ್ತರದಲ್ಲಿ. 40 ಡಿಗ್ರಿ ಬಿಸಿಲಲ್ಲಿ ಇಲ್ಲಿನ ಗಾಳಿ ಎಂಜಿನ್ ಪಾಲಿಗೆ ಸುಮಾರು 1,500 ಮೀಟರ್ ಎತ್ತರದ ತೆಳು ಗಾಳಿ. ಅದರ ಮೇಲೆ ಕೌಲಿಂಗ್ ಒಳಗಿನ ಬಿಸಿ ಗಾಳಿ ಕೊಟ್ಟರೆ ಏರುವ ಶಕ್ತಿ ಎಷ್ಟು ಉಳಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಿ.

ಕೈಯಲ್ಲಿ ಎಳೆಯುವ ಬಾಗಿಲಿಗೆ ಒಂದು ದೋಷ ಇದೆ. ಅದು ಪೈಲಟ್‌ಗೆ ನೆನಪಾಗಬೇಕು. ಟೇಕಾಫ್ ಆದ ಕೂಡಲೇ ಪವರ್ ಕುಸಿದರೆ ಮೊದಲು ಮೂತಿ ಕೆಳಗೆ, ವೇಗ ಉಳಿಸಿಕೊಳ್ಳಿ, ಆಮೇಲೆ ಹಿಡಿ ಎಳೆಯಿರಿ. ಹಿಡಿಯನ್ನು ಥ್ರಾಟಲ್ ಪಕ್ಕದಲ್ಲೇ ಇಡಿ, ಕಣ್ಣು ಮುಚ್ಚಿ ಹುಡುಕಿದರೂ ಸಿಗಬೇಕು. ಮೂವರೂ ಹಾರಿಸುವವರಾದರೆ ಮೂವರೂ ಅಭ್ಯಾಸ ಮಾಡಿ. ಧೂಳಿನ ನೆಲದ ಮೇಲೆ ವಿಮಾನ ಓಡಿಸುವಾಗ (ಟ್ಯಾಕ್ಸಿ) ಮಾತ್ರ ಬಾಗಿಲು ಮುಚ್ಚಿಯೇ ಇರಲಿ.

ಪ್ರಶ್ನೆ: ನಮ್ಮದು ಕಾರ್ಬ್ಯುರೇಟರ್ ಎಂಜಿನ್. 30 ಡಿಗ್ರಿ ಇರುವಾಗ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ವ್ಯವಸ್ಥೆ) ಯಾಕೆ ಬೇಕು? (ಗಂಗಾವತಿ)

ಉತ್ತರ: ಹೊರಗಿನ ಸೆಖೆ ನೋಡಿ ತೀರ್ಮಾನ ಮಾಡಬೇಡಿ. ಪೆಟ್ರೋಲ್ ಆವಿಯಾಗುವಾಗ, ಗಾಳಿ ಕಿರಿದಾದ ಜಾಗದಲ್ಲಿ ನುಗ್ಗುವಾಗ ಕಾರ್ಬ್ಯುರೇಟರ್ ಒಳಗೆ 30 ಡಿಗ್ರಿಗೂ ಜಾಸ್ತಿ ಇಳಿಯಬಹುದು. ತೇವ ಇದ್ದರೆ ಹೊರಗೆ 38 ಡಿಗ್ರಿ ಇದ್ದಾಗಲೂ ಐಸ್ ಕಟ್ಟಿದ್ದುಂಟು. ಕಾಲುವೆ ನೀರು, ಗದ್ದೆ ತೇವ ಇರುವ ನಿಮ್ಮ ಕಡೆ, ಮುಂಜಾನೆ ಥ್ರಾಟಲ್ ಇಳಿಸಿ ಲ್ಯಾಂಡಿಂಗ್‌ಗೆ ಬರುವಾಗ ಅಪಾಯ ಜಾಸ್ತಿ. ಹೀಟ್ ಎಳೆದಾಗ ಕರಗಿದ ನೀರು ನುಂಗಿ ಎಂಜಿನ್ ಕೆಮ್ಮುತ್ತದೆ. ಹೆದರಿ ಹಿಡಿ ವಾಪಸ್ ತಳ್ಳಬೇಡಿ.

ಪ್ರಶ್ನೆ: ಬೈಕಿನ ಕೋನ್ ಫಿಲ್ಟರ್ ಹಾಕಿದರೆ ಪವರ್ ಜಾಸ್ತಿಯಾಗುತ್ತಂತೆ? (ಸಿಂಧನೂರು)

ಉತ್ತರ: ಮಾರುವವನಿಗೆ ದುಡ್ಡು ಜಾಸ್ತಿಯಾಗುತ್ತದೆ. ಬೇಡ.

ಪ್ರಶ್ನೆ: ಫಿಲ್ಟರೇ ತೆಗೆದುಬಿಟ್ಟರೆ ಮುಚ್ಚುವ ಭಯವೇ ಇಲ್ಲವಲ್ಲ? (ಸಂಡೂರು)

ಉತ್ತರ: ಸಂಡೂರಿನಲ್ಲಿ ಕೂತು ಇದನ್ನು ಕೇಳುತ್ತೀರಾ? ಖಂಡಿತ ಬೇಡ.

ಪ್ರಶ್ನೆ: ನಾವೇ ಕಟ್ಟಿದ ವಿಮಾನಕ್ಕೆ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಅನುಮತಿ ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಅಡ್ವಾನ್ಸ್ ಕೇಳುತ್ತಿದ್ದಾರೆ. (ರಾಯಚೂರು)

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಡಿಜಿಸಿಎಗೆ ನೀವೇ ಬರೆಯಿರಿ, ಕಟ್ಟಲು ಶುರು ಮಾಡುವ ಮೊದಲೇ ಬರೆಯಿರಿ. ಅನುಮತಿ ಕೈಗೆ ಬರುವ ತನಕ ಚಕ್ರ ನೆಲ ಬಿಡಬಾರದು.